ಮಾವನ ಗಾಡಿಗೆ ಎಣ್ಣೆ

ಗಣಪತಿಗೆ ಇಲಿ, ಷಣ್ಮುಖನಿಗೆ ನವಿಲು, ಯಮಧರ್ಮನಿಗೆ ಕೋಣ; ಮೂಡಿಗೆರೆ ಕಡೆಯ ನನ್ನ ಸೋದರಮಾವನಿಗೆ 1993ರ ಯಮಹಾ ಆರ್‌ಎಕ್ಸ್ 100. ಈ ನಾಲ್ಕರಲ್ಲಿ ಆಹಾರದ ವಿಷಯಕ್ಕೆ ಅತಿ ಹೆಚ್ಚು ಮಡಿ ಮಾಡುವುದು ಕೊನೆಯದು. ಆ ಮಡಿಯನ್ನು ಕೆಡಿಸಿದವನು ನಾನು. ಸಂಪಾದಕ ಮಿತ್ರರು ಏನಾದರೂ ಬರೆದುಕೊಡು ಎಂದು ಬೆನ್ನು ಹತ್ತಿದಾಗ, ವರ್ಷವಿಡೀ ಮನಸ್ಸಿನಲ್ಲಿ ಕುಳಿತಿದ್ದ ಆ ಪ್ರಸಂಗವೇ ಮೊದಲು ಲೇಖನಿಗೆ ಬಂತು.

ಭಾರತದಲ್ಲಿ ಈ ಗಾಡಿ ತಯಾರಾದದ್ದು 1985ರಿಂದ 1996ರವರೆಗೆ. ಮಾವ ಅದನ್ನು ಕೊಂಡಾಗಿನ ರೂಪ ಈಗ ಉಳಿದಿಲ್ಲ. ಮುಂದಿನ ಮಡ್‌ಗಾರ್ಡು ಮೊಣಕಾಲೆತ್ತರಕ್ಕೆ ಏರಿದೆ. ಟೈರುಗಳಿಗೆ ಬೆರಳುದ್ದದ ಹಲ್ಲುಗಳಿವೆ. ಹಿಂದಿನ ಸ್ಪ್ರಾಕೆಟ್ಟು ಊಟದ ತಟ್ಟೆಯಂತೆ ದೊಡ್ಡದಾಗಿದೆ. ಹೆಡ್‌ಲೈಟೂ ಇಲ್ಲ, ಕನ್ನಡಿಗಳೂ ಇಲ್ಲ. ಈ ವೇಷದಲ್ಲಿ ಅದು ರಸ್ತೆಗಿಳಿಯುವಂತಿಲ್ಲವಾದ್ದರಿಂದ ಕಾಫಿ ತೋಟದ ಕೆಸರುದಾರಿಯೇ ಅದರ ರಾಜ್ಯ. ಹಳ್ಳದ ಪಂಪಿನಿಂದ ಗುಡ್ಡದ ನೆತ್ತಿಯವರೆಗೆ ಮಾವ ಅದರ ಮೇಲೆ ಏರುವುದನ್ನು ನೋಡಬೇಕು. ನೋಡುವುದಕ್ಕೆ ಮೊದಲೇ ಕೇಳಿಸುತ್ತದೆ, ಆ ಮಾತು ಬೇರೆ.

ಇತಿಹಾಸ ಓದುವ ನನಗೆ ಯಂತ್ರಶಾಸ್ತ್ರ ಬರುವುದಿಲ್ಲ. ಆದರೂ ಮಾವ ಕಲಿಸಿದ್ದನ್ನು ಹೇಳದಿದ್ದರೆ ನನ್ನ ತಪ್ಪಿನ ತೂಕ ನಿಮಗೆ ತಿಳಿಯದು. ಇಂದಿನ ಸಾಮಾನ್ಯ ಬೈಕುಗಳಲ್ಲಿ ಇಂಜಿನ್ನಿನ ತಳದಲ್ಲಿ ಎಣ್ಣೆ ನಿಂತಿರುತ್ತದೆ, ಪೆಟ್ರೋಲು ಬೇರೆ ದಾರಿಯಲ್ಲಿ ಮೇಲೆ ಬರುತ್ತದೆ. ಟೂ-ಸ್ಟ್ರೋಕಿನಲ್ಲಿ ಹಾಗಲ್ಲ. ಪೆಟ್ರೋಲು, ಗಾಳಿ ಎರಡೂ ಬೆರೆತು ಮೊದಲು ಪಿಸ್ಟನ್ನಿನ ಕೆಳಗಿನ ಕೋಣೆಗೆ ಬಂದು, ಅಲ್ಲಿಂದ ಮೇಲಕ್ಕೆ ಹೋಗಿ ಉರಿಯುತ್ತವೆ. ಹಾದುಹೋಗುವ ದಾರಿಯಲ್ಲಿ ಎಣ್ಣೆ ನಿಲ್ಲಿಸಿಡುವುದು ಹೇಗೆ? ಆದುದರಿಂದ ಎಣ್ಣೆಯೂ ಊಟದ ಜೊತೆಗೇ ಹೋಗಬೇಕು. ಬೇರಿಂಗು, ಪಿಸ್ಟನ್ನುಗಳನ್ನು ಸವರಿ, ಕೊನೆಗೆ ತಾನೂ ಉರಿದು ನೀಲಿ ಹೊಗೆಯಾಗಬೇಕು. ಕಂಪೆನಿಯವರು ಇದಕ್ಕೆಂದೇ ಪುಟ್ಟ ಪಂಪೊಂದನ್ನು ಇಟ್ಟಿದ್ದರು. ಅದು ಹಳತಾಗಿ ನಂಬಿಕೆ ಕಳೆದುಕೊಂಡ ಮೇಲೆ ಮಾವ ಅದನ್ನು ಕಳಚಿಟ್ಟು, ತಾವೇ ಲೀಟರಿಗೆ 40 ಮಿಲಿ ಟೂ-ಟಿ ಎಣ್ಣೆ ಬೆರೆಸುವ ಪದ್ಧತಿ ಹಿಡಿದರು; 25 ಪಾಲಿಗೆ ಒಂದು ಪಾಲು. ಅಳತೆಗೆ ಒಂದು ಹಳೆಯ ಗಾಜಿನ ಲೋಟ.

ಹೆಚ್ಚು ಹಾಕಿದರೆ ಇನ್ನೂ ಕ್ಷೇಮವಲ್ಲವೇ ಎಂದು ಒಮ್ಮೆ ಕೇಳಿ ಬೈಸಿಕೊಂಡಿದ್ದೆ. ಕಾರ್ಬುರೇಟರಿನ ಜೆಟ್ಟಿನ ತೂತು ಇರುವಷ್ಟೇ ಇರುತ್ತದೆ. ಎಣ್ಣೆ ಹೆಚ್ಚಿದಷ್ಟು ಪೆಟ್ರೋಲಿನ ಪಾಲು ತಗ್ಗಿ, ಇಂಜಿನ್ನು ಇನ್ನಷ್ಟು ಕಾಯುತ್ತದಂತೆ. ಸಾಲದ್ದಕ್ಕೆ 2025ರ ಹೊತ್ತಿಗೆ ಬಂಕಿನ ಪೆಟ್ರೋಲಿನಲ್ಲಿ ಶೇಕಡ 20 ಎಥನಾಲೂ ಸೇರಿಕೊಂಡಿತು. ಮೂವತ್ತು ದಾಟಿದ ಮೇಲೆ ಪಾಪ, ಗಾಡಿ ಮದ್ಯದ ಅಭ್ಯಾಸ ಮಾಡಿಕೊಳ್ಳಬೇಕಾಯಿತು! ಎಥನಾಲು ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ; ನಮ್ಮ ಮಲೆನಾಡಿನ ಆಷಾಢದಲ್ಲಿ ತೇವಕ್ಕೆ ಬರವೇ? ಮಾವ ಒಂದು ಸೈಜು ದೊಡ್ಡ ಜೆಟ್ಟು ಹಾಕಿಸಿದರು. ನಿಲ್ಲಿಸುವ ಮೊದಲು ನಲ್ಲಿ ಮುಚ್ಚಿ, ಕಾರ್ಬುರೇಟರು ಬರಿದಾಗುವವರೆಗೆ ಓಡಿಸುವ ರೂಢಿ ಮಾಡಿಕೊಂಡರು. ವಾರಕ್ಕೊಮ್ಮೆ ಪ್ಲಗ್ಗು ಬಿಚ್ಚಿ ಬಣ್ಣ ನೋಡುತ್ತಾರೆ. ಹದವಾಗಿ ಹುರಿದ ಕಾಫಿಬೀಜದ ಬಣ್ಣವಿದ್ದರೆ ಸಂತೋಷ. ಬೆಳ್ಳಗಿದ್ದರೆ ಅಂದು ಮನೆಯಲ್ಲಿ ಯಾರೂ ಮಾತಾಡಿಸಬಾರದು.

ಕಳೆದ ದಸರಾ ರಜೆಯಲ್ಲಿ ಐದು ಲೀಟರಿನ ತಗಡಿನ ಡಬ್ಬಿ ನನ್ನ ಪಾಲಿಗೆ ಬಂತು. 200 ಮಿಲಿ ಎಣ್ಣೆ ಬೇಕು. ಬಾಟಲಿಯ ತಳದಲ್ಲಿದ್ದದ್ದು ಸುಮಾರು 60. ಅಂಗಡಿಗೆ ಮೂರು ಮೈಲಿ, ಮೇಲೆ ಜಿಟಿಜಿಟಿ ಮಳೆ, ಒಳಗೆ ಅತ್ತೆ ಅಕ್ಕಿರೊಟ್ಟಿ ತಟ್ಟುತ್ತಿದ್ದ ಸದ್ದು. ಇದ್ದಷ್ಟನ್ನು ಸುರಿದು, ಡಬ್ಬಿ ಕುಲುಕಿ, ಟ್ಯಾಂಕು ತುಂಬಿದೆ.

"ಎಣ್ಣೆ ಹಾಕಿದ್ಯೇನೋ?" ಎಂದರು ಮಾವ.

"ಹಾಕಿದೀನಿ ಮಾವ" ಎಂದೆ. ಮಾತಿನ ಮಟ್ಟಿಗೆ ಸುಳ್ಳೇನಲ್ಲವೆಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡದ್ದೂ ನೆನಪಿದೆ.

ಮಾರನೆಯ ಬೆಳಗ್ಗೆ ಮಳೆ ಬಿಟ್ಟಿತ್ತು. ಮಾವ ಹಳ್ಳದಿಂದ ಏರು ಹಿಡಿದರು. ನಾನು ಪಂಪುಮನೆಯ ಹತ್ತಿರ ನಿಂತು ಸದ್ದು ಕೇಳುತ್ತಿದ್ದೆ. ಅರ್ಧ ಏರಿನಲ್ಲಿ ಸದ್ದು ಸೊರಗಿತು, ಲೋಹ ಉಜ್ಜಿದಂತೆ ಕೀರಲು ದನಿ ಬಂತು, ಆಮೇಲೆ ಏನೂ ಇಲ್ಲ. ಓಡಿದೆ. ಆ ಓಟದಲ್ಲಿ ನಾನು ಏನೇನು ಕಲ್ಪಿಸಿಕೊಂಡೆನೆಂಬುದನ್ನು ಬರೆಯಲಾರೆ. ಆ ದಾರಿಯ ಎಡಕ್ಕೆ ಇಳಿಜಾರು, ಕೆಳಗೆ ಬಂಡೆ.

ಮಾವ ದಾರಿಯ ಮಧ್ಯೆ ಗಾಡಿ ಹಿಡಿದು ನಿಂತಿದ್ದರು. ಅವರು ಯಾವಾಗಲೂ ಎರಡು ಬೆರಳನ್ನು ಕ್ಲಚ್ಚಿನ ಮೇಲಿಟ್ಟೇ ಓಡಿಸುವುದನ್ನು ನಾನು ಶೋಕಿ ಎಂದುಕೊಂಡಿದ್ದೆ. ಇಂಜಿನ್ನು ಹಿಡಿದುಕೊಂಡರೆ ಹಿಂದಿನ ಚಕ್ರವೂ ಕಚ್ಚಿ ನಿಲ್ಲುತ್ತದೆ. ಆ ಕ್ಷಣ ಕ್ಲಚ್ಚು ಒತ್ತಿದವನು ಬೀಳುವುದಿಲ್ಲ. ಮಾವ ಒತ್ತಿದ್ದರು. "ಸೀಜ್ ಆಯ್ತು ಮಾರಾಯ" ಎಂದರು, ಅಷ್ಟೆ.

ಸಂಜೆ ಜಗಲಿಯ ಮೇಲೆ ಗೋಣಿ ಹಾಸಿ ಬ್ಲಾಕು ಬಿಚ್ಚಿದೆವು. 50 ಮಿಲಿಮೀಟರು ಅಗಲದ ಪಿಸ್ಟನ್ನು, ಅಂಗೈಯಲ್ಲಿ ಹಿಡಿಸುತ್ತದೆ. ಸೈಲೆನ್ಸರಿನ ಕಡೆಯ ಮೈಯಲ್ಲಿ ಮೇಲಿಂದ ಕೆಳಕ್ಕೆ ಗೀರುಗಳು, ಬೆಕ್ಕು ಪರಚಿದಂತೆ. ಮಾವ ಅದನ್ನು ದೀಪಕ್ಕೆ ಹಿಡಿದು ನೋಡಿದರು. ಆಮೇಲೆ ಕಿಟಕಿಯಲ್ಲಿದ್ದ ಖಾಲಿ ಬಾಟಲಿಯನ್ನು ನೋಡಿದರು. ನನ್ನ ಕಡೆ ನೋಡಲಿಲ್ಲ.

ಲೇತಿನವನು ಬ್ಲಾಕನ್ನು 0.50ಕ್ಕೆ ಬೋರು ಮಾಡಬೇಕೆಂದ. ಹೊಸ ಪಿಸ್ಟನ್ನಿಗೆ ಊರೂರು ಹುಡುಕಬೇಕಾಯಿತು. "ಇಷ್ಟು ವರ್ಷ ನೋಡ್ಕೊಂಡು ಬಂದೋರು, ಹೀಗೆ ಹೆಂಗೆ ಮಾಡ್ಕೊಂಡ್ರಿ?" ಎಂದು ಅವನು ಕೇಳಿದ.

"ನಾನೇ ಎಣ್ಣೆ ಕಡಿಮೆ ಹಾಕಿದ್ದೆ" ಎಂದರು ಮಾವ.

ನಾನು ಪಕ್ಕದಲ್ಲೇ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಎರಡು ರಾತ್ರಿ ನಿದ್ರೆ ಬರಲಿಲ್ಲ. ಮೂರನೆಯ ದಿನ ಕಾಫಿಗಿಡಗಳ ನಡುವೆ ನಡೆಯುವಾಗ ಹೇಳಿಬಿಟ್ಟೆ, 60 ಮಿಲಿಯ ಲೆಕ್ಕವನ್ನೂ, ರೊಟ್ಟಿಯ ವಿಷಯವನ್ನೂ. ಮಾವ ಒಂದು ಗಿಡದ ಕೊಂಬೆ ಬಗ್ಗಿಸಿ ಕಾಯಿ ನೋಡಿದರು. "ಮಳೆಲಿ ಹೋಗೋದು ಬ್ಯಾಡಾಗಿತ್ತು ಬಿಡು. ಇಲ್ಲ ಅಂತ ಹೇಳಿದ್ರೆ ಆಗ್ತಿತ್ತು" ಎಂದು ಮುಂದೆ ನಡೆದರು.

ಈಗ ರಜೆಗೆ ಹೋದಾಗ ಡಬ್ಬಿ ನನ್ನ ಪಾಲಿಗೇ ಬರುತ್ತದೆ. ಮಾವ ಹಿಂದಿನ ದನಿಯಲ್ಲೇ "ಎಣ್ಣೆ ಹಾಕಿದ್ಯೇನೋ?" ಎನ್ನುತ್ತಾರೆ. ನಾನು ಡಬ್ಬಿ, ಬಾಟಲಿ, ಲೋಟ ಮೂರನ್ನೂ ಹೊತ್ತು ಜಗಲಿಗೆ ಬಂದು, ಅವರ ಕಣ್ಣೆದುರಿಗೇ ಅಳೆಯತೊಡಗುತ್ತೇನೆ.

"ಅಲ್ಲೇ ಅಂಗಳದಲ್ಲಿ ಹಾಕು ಮಾರಾಯ" ಎನ್ನುತ್ತಾರೆ ಅವರು, ಪತ್ರಿಕೆಯಿಂದ ಕಣ್ಣೆತ್ತದೆ. "ಇಲ್ಲಿ ಚೆಲ್ಲಿದ್ರೆ ನಿಮ್ಮತ್ತೆ ನನ್ನ ಬೈತಾಳೆ."