ಎರಡು ಸೊನ್ನೆಗಳು

ಪುಣೆಯಿಂದ ಹಿಂಜವಡಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಾವು ಮೂವರು ಸಾಮಾನ್ಯವಾಗಿ ಹಿಂದಿನ ದಿನದ ಸಿಟ್ಟನ್ನೇ ಹಂಚಿಕೊಳ್ಳುತ್ತಿರುತ್ತೇವೆ. ಮೂವರೂ ವೆಬ್ ಡೆವಲಪರುಗಳು. ಒಬ್ಬರ ಊರು ಧಾರವಾಡ, ಇನ್ನೊಬ್ಬರದು ಸಾಗರ. ಮೂರನೆಯವರು ಪುಣೆಯಲ್ಲೇ ಹುಟ್ಟಿ, ಮರಾಠಿ ಶಾಲೆಯಲ್ಲಿ ಓದಿ, ಕನ್ನಡದ ಅಕ್ಷರಗಳನ್ನು ವಯಸ್ಸು ಇಪ್ಪತ್ತು ದಾಟಿದ ಮೇಲೆ ಕಲಿತವರು. ಇಲ್ಲಿ ಹೇಳಹೊರಟಿರುವ ತಪ್ಪಿನಲ್ಲಿ ಮೂವರಿಗೂ ಸಮಪಾಲು ಇರುವುದರಿಂದ ‘ನಾವು’ ಎಂದೇ ಬರೆಯುತ್ತೇವೆ.

ನಮ್ಮ ಕಸುಬಿನ ಕಷ್ಟಗಳನ್ನು ಹೊರಗಿನವರಿಗೆ ಹೇಳಿಕೊಂಡರೆ ಅವರಿಗೆ ನಗು ಬರುತ್ತದೆ. ಒಂದು ಗುಂಡಿಯನ್ನು ಪುಟದ ನಟ್ಟನಡುವೆ ನಿಲ್ಲಿಸಲು ಅರ್ಧ ದಿನ ಹಿಡಿಯಿತೆಂದರೆ ಯಾರು ನಂಬುತ್ತಾರೆ? ಇಂಗ್ಲಿಷಿನ ಅಳತೆಗೆ ಹೊಲಿದ ಚೌಕಟ್ಟಿನೊಳಗೆ ಕನ್ನಡವನ್ನು ತುರುಕಿದಾಗ ಒತ್ತಕ್ಷರಗಳೆಲ್ಲ ಕೆಳಗಿನಿಂದ ಕತ್ತರಿಸಿಹೋಗುತ್ತವೆ. ‘ಅಕ್ಷರದ ಕಾಲು ಕಾಣುತ್ತಿಲ್ಲ’ ಎಂದು ವಿನ್ಯಾಸಕಾರರಿಗೆ ವಿವರಿಸುವುದರಲ್ಲೇ ಒಂದು ಸಭೆ ಮುಗಿಯುತ್ತದೆ. ನಾವು ದಿನವೂ ಬರೆಯುವ ಜಾವಾಸ್ಕ್ರಿಪ್ಟ್ ಭಾಷೆ 1995ರಲ್ಲಿ ಹತ್ತೇ ದಿನಗಳಲ್ಲಿ ಹುಟ್ಟಿದ್ದು. ಆ ಅವಸರದ ಗುರುತುಗಳು ಅದರ ಮೈಮೇಲೆ ಈಗಲೂ ಇವೆ. ಅದರ ಪಂಚಾಂಗದಲ್ಲಿ ಜನವರಿ ಮೊದಲನೆಯ ತಿಂಗಳಲ್ಲ, ಸೊನ್ನೆಯ ತಿಂಗಳು. 2016ರ ಮಾರ್ಚಿನಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ ಹನ್ನೊಂದು ಸಾಲಿನ ಪುಟ್ಟ ಕೋಡನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ ಜಗತ್ತಿನಾದ್ಯಂತ ಸಾವಿರಾರು ಯೋಜನೆಗಳ ಕೆಲಸ ಕೆಲವು ಗಂಟೆ ಕೆಟ್ಟು ನಿಂತಿತ್ತು. ಆ ಕೋಡು ಮಾಡುತ್ತಿದ್ದುದಾದರೂ ಏನು? ಪದದ ಎಡಗಡೆ ಖಾಲಿ ಜಾಗವನ್ನೋ ಸೊನ್ನೆಯನ್ನೋ ತುಂಬಿಕೊಡುವುದು, ಅಷ್ಟೆ.

ಇಂಥ ದಿನಗಳನ್ನು ಕಳೆಯುತ್ತ ನಮ್ಮಲ್ಲೊಂದು ಕೆಟ್ಟ ಅಭ್ಯಾಸ ಬೆಳೆದಿತ್ತು. ದೂರು ಬಂದರೆ ಮೊದಲು ಬಳಕೆದಾರರನ್ನು ಅನುಮಾನಿಸುವುದು. ಕಳೆದ ವರ್ಷದ ಅಕ್ಟೋಬರಿನಲ್ಲಿ ಕಚೇರಿಗೆ ಒಂದು ದೂರು ಬಂತು. ನಾವು ಕಟ್ಟಿದ ಅರ್ಜಿ ನಮೂನೆಯಲ್ಲಿ ಒಬ್ಬರು ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದರೆ ‘ಹೆಸರು ಅಮಾನ್ಯ’ ಎಂದು ಕೆಂಪಕ್ಷರ ಬರುತ್ತಿತ್ತಂತೆ. ನಾವು ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ನೋಡಿದೆವು, ಸರಿಯಾಗಿ ಹೋಯಿತು. ‘ಬಳಕೆದಾರರ ತಪ್ಪು’ ಎಂದು ಷರಾ ಬರೆದು ದೂರನ್ನು ಮುಚ್ಚಿಬಿಟ್ಟೆವು. ಅಂದು ಶುಕ್ರವಾರ, ಸಂಜೆಯಾಗಿತ್ತು.

ಅದೇ ದಿನಗಳಲ್ಲಿ ನಮ್ಮ ಭಾನುವಾರಗಳು ಬೇರೊಂದು ಕೆಲಸಕ್ಕೆ ಮೀಸಲಾಗಿದ್ದವು. ಇಲ್ಲಿನ ಒಂದು ಕನ್ನಡ ಸಂಘದ ಗ್ರಂಥಾಲಯದಲ್ಲಿ ಸುಮಾರು ನಾಲ್ಕು ಸಾವಿರ ಪುಸ್ತಕಗಳಿವೆ. ಅವುಗಳ ಸೂಚಿಯನ್ನು ಕಂಪ್ಯೂಟರಿಗೆ ತಂದು, ಮನೆಯಿಂದಲೇ ಫೋನಿನಲ್ಲಿ ಹುಡುಕುವಂತೆ ಮಾಡಿಕೊಡುತ್ತೇವೆಂದು ನಾವು ಒಪ್ಪಿಕೊಂಡಿದ್ದೆವು. ಕಚೇರಿಯಲ್ಲಿ ಬೇರೆಯವರು ಆರಿಸಿದ ಸಲಕರಣೆಗಳನ್ನೇ ಬಳಸಬೇಕು. ಇಲ್ಲಿ ಆಯ್ಕೆ ನಮ್ಮದು. ಆ ಸಂಭ್ರಮದಲ್ಲಿ ರಿಯಾಕ್ಟ್ ಮೇಲೋ ವ್ಯೂ ಮೇಲೋ ಎಂದು ವಾದ ಮಾಡುತ್ತಲೇ ಒಂದು ತಿಂಗಳು ಕಳೆದೆವು. ಕೊನೆಗೆ ಎರಡನ್ನೂ ಬಿಟ್ಟು, ಒಂದು ಸಾದಾ ಪುಟ, ಹಿಂದೆ ಒಂದು ಎಸ್‌ಕ್ಯೂಲೈಟ್ ಕಡತ, ಇಷ್ಟರಲ್ಲೇ ಮುಗಿಸಿದೆವು. ನಾಲ್ಕು ಸಾವಿರ ಪುಸ್ತಕಗಳಿಗೆ ಅದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ.

ನಿಜವಾದ ಕೆಲಸ ಮಾಡಿದ್ದವರು ಗ್ರಂಥಾಲಯದ ಹಿರಿಯರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುವುದು. ಗದಗ ಕಡೆಯವರು, ರೈಲ್ವೆಯಲ್ಲಿ ದುಡಿದು, ಪುಣೆಯಲ್ಲೇ ನಿವೃತ್ತರಾಗಿ ನೆಲೆಸಿದವರು. ಹಳೆಯ ದಾಖಲೆ ಪುಸ್ತಕಗಳನ್ನು ಮುಂದಿಟ್ಟುಕೊಂಡು ಎರಡು ವರ್ಷಗಳ ಸಂಜೆಗಳಲ್ಲಿ ಅಷ್ಟೂ ಪುಸ್ತಕಗಳ ವಿವರವನ್ನು ಒಂದೊಂದಾಗಿ ಟೈಪು ಮಾಡಿದ್ದರು. ಅಂಕಿಗಳನ್ನು ಕನ್ನಡದಲ್ಲೇ ಬರೆಯಬೇಕೆಂಬುದು ಅವರ ಹಠ. ಕಾದಂಬರಿಗಳ ಕಪಾಟಿನ ಹನ್ನೆರಡನೆಯ ಪುಸ್ತಕವೆಂದರೆ ‘ಕ೦೧೨’. ಪ್ರತಿ ಪುಸ್ತಕದ ಮುಂದೆ ಅದನ್ನು ಕೊಟ್ಟ ದಾನಿಗಳ ಹೆಸರನ್ನೂ ತಪ್ಪದೆ ನಮೂದಿಸಿದ್ದರು. ತೀರಿಹೋದ ಅವರ ಪತ್ನಿ ಜೀವಮಾನವಿಡೀ ಕೂಡಿಸಿದ ಪುಸ್ತಕಗಳೂ ಆ ಕಪಾಟುಗಳಲ್ಲಿ ಸೇರಿದ್ದವು.

ನಾವು ಹುಡುಕಾಟವನ್ನು ಪರೀಕ್ಷಿಸದೆ ಇರಲಿಲ್ಲ. ‘ಪರ್ವ’ ಎಂದು ಬರೆದೆವು, ಸಿಕ್ಕಿತು. ‘ಚೋಮನ ದುಡಿ’ ಸಿಕ್ಕಿತು. ‘ಮಲೆಗಳಲ್ಲಿ ಮದುಮಗಳು’ ಕೂಡ ಸಿಕ್ಕಿತು. ಲೇಖಕರ ಹೆಸರುಗಳನ್ನು ಒಂದು ಪಟ್ಟಿಯಿಂದ ಆರಿಸುವಂತೆ ಮಾಡಿದ್ದೆವು. ಆ ಪಟ್ಟಿಯನ್ನು ನಾವೇ ಹೊಸದಾಗಿ ಟೈಪು ಮಾಡಿದ್ದರಿಂದ ಅದರಲ್ಲೂ ತೊಡಕು ಕಾಣಲಿಲ್ಲ. ಎಲ್ಲ ಸರಿಯಿದೆ ಎಂದು ಬೆನ್ನು ತಟ್ಟಿಕೊಂಡು ರಾಜ್ಯೋತ್ಸವದ ಸಂಜೆ ಸೂಚಿಯನ್ನು ಎಲ್ಲರೆದುರು ತೆರೆದೆವು.

ಮೊದಲು ಹುಡುಕುವ ಗೌರವ ಕಾಕಾ ಅವರದು. ಅವರು ಮೊಮ್ಮಗ ಕೊಡಿಸಿದ ಫೋನನ್ನು ತೆಗೆದು, ಕನ್ನಡಕ ಸರಿಪಡಿಸಿಕೊಂಡು, ದಾನಿಗಳ ಜಾಗದಲ್ಲಿ ಪತ್ನಿಯ ಹೆಸರನ್ನು ಬರೆದರು. ಆ ಹೆಸರನ್ನು ನಾವಿಲ್ಲಿ ಬರೆಯುವುದಿಲ್ಲ. ಅದರ ನಡುವೆ ಒಂದು ಸೊನ್ನೆಯಿದೆ ಎಂದಷ್ಟೇ ಹೇಳಿದರೆ ಸಾಕು. ಪುಟ ಕ್ಷಣ ಹೊತ್ತು ಯೋಚಿಸಿ, ನಾವೇ ಬರೆದಿಟ್ಟಿದ್ದ ಮಾತನ್ನು ತೋರಿಸಿತು: ‘ಈ ಹೆಸರಿನಲ್ಲಿ ಯಾವ ಪುಸ್ತಕವೂ ಇಲ್ಲ.’

“ಇಲ್ಲ ಅನ್ನಾಕತ್ತೈತಿ ನೋಡ್ರಪಾ,” ಎಂದರು ಕಾಕಾ. ಮತ್ತೊಮ್ಮೆ ಬರೆದರು. ಮತ್ತೆ ಇಲ್ಲ. ನಾವು ಅವರ ಕೈಯಿಂದ ಫೋನು ತೆಗೆದುಕೊಂಡು ಬರೆದೆವು. ಇಲ್ಲ. ಸಭೆಯಲ್ಲಿದ್ದವರು ಸುಮ್ಮನಾದರು. ಕಾಕಾ ನಮ್ಮ ಮೇಲೆ ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವರು ಹೇಳಿದ್ದು ಬೇರೆ: “ಇರ್ಲಿ ಬಿಡ್ರಿ. ಆಕೀ ಪುಸ್ತಕ ಟೈಪ್ ಮಾಡೂದು ನಾನೇ ಮರತಿರಬೇಕು. ಈಗೀಗ ನನಗ ಮರವು ಭಾಳ ಆಗೇತಿ.”

ಅಂದು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಕಡತವನ್ನು ತೆರೆದು ನೋಡಿದರೆ ಆ ತಾಯಿಯ ಹೆಸರು ಅರವತ್ತಮೂರು ಕಡೆ ಇತ್ತು. ಕಣ್ಣಿಗೆ ಕಾಣುತ್ತಿದೆ, ಹುಡುಕಿದರೆ ಇಲ್ಲ. ನಮ್ಮ ಮೊದಲ ಅನುಮಾನ ಸ್ವರಚಿಹ್ನೆಗಳ ಮೇಲೆ ಹೋಯಿತು. ಯೂನಿಕೋಡಿನಲ್ಲಿ ‘ಕೊ’ ಎಂಬುದನ್ನು ಒಂದೇ ಚಿಹ್ನೆಯಿಂದಲೂ ಬರೆಯಬಹುದು, ಎಕಾರ ಊಕಾರಗಳ ಎರಡು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ನೋಡಲು ಒಂದೇ, ಒಳಗೆ ಎರಡು ಬಗೆ. ಇವನ್ನು ಒಂದೇ ರೂಪಕ್ಕೆ ತರುವ ಸೌಲಭ್ಯ ಜಾವಾಸ್ಕ್ರಿಪ್ಟಿನಲ್ಲಿ 2015ರಿಂದ ಇದೆ. ಅದನ್ನು ಹಾಕಿ ನೋಡಿದೆವು. ಆದರೂ ಇಲ್ಲ. ‘ಸಂಸ್ಕಾರ’ವನ್ನು ಹುಡುಕಿದೆವು, ಅದೂ ಇಲ್ಲ, ಅದರ ಮೂರು ಪ್ರತಿಗಳು ಕಪಾಟಿನಲ್ಲಿರುವುದನ್ನು ನಾವೇ ಕಂಡಿದ್ದೆವು.

ಗುಟ್ಟನ್ನು ಕಂಡುಹಿಡಿದವರು ನಮ್ಮಲ್ಲಿ ಕನ್ನಡವನ್ನು ತಡವಾಗಿ ಕಲಿತವರು. ಉಳಿದಿಬ್ಬರು ಪದಗಳನ್ನು ಓದುತ್ತಿದ್ದೆವು. ಅವರು ಈಗಲೂ ಅಕ್ಷರ ಅಕ್ಷರವನ್ನೇ ನೋಡುವವರು. “ಈ ಸೊನ್ನೆ ಆ ಸೊನ್ನೆಗಿಂತ ಕೂದಲೆಳೆಯಷ್ಟು ದೊಡ್ಡದಿದೆ,” ಎಂದರು. ಬ್ರೌಸರಿನಲ್ಲಿ ಎರಡರ ಸಂಖ್ಯೆಯನ್ನೂ ಕೇಳಿದೆವು. ಒಂದು 3202, ಇನ್ನೊಂದು 3302.

ಯೂನಿಕೋಡಿನ ಮಹಾನಗರದಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳ ಒಂದು ಓಣಿಯಿದೆ. ಅನುಸ್ವಾರದ ಮನೆ 3202. ಅದಾಗಿ ಮೂರನೆಯ ಮನೆ ಅಕಾರದ್ದು. ಕನ್ನಡ ಅಂಕಿಯ ಸೊನ್ನೆಯ ಮನೆ 3302, ಓಣಿಯ ಆ ತುದಿಯಲ್ಲಿ. ಮನುಷ್ಯರ ಕಣ್ಣಿಗೆ ಎರಡೂ ಒಂದೇ ದುಂಡು. ಯಂತ್ರಕ್ಕೆ ನಡುವೆ ಸರಿಯಾಗಿ ನೂರು ಮನೆಗಳ ದೂರ. ಕನ್ನಡ ಅಂಕಿಗಳನ್ನೇ ಬಳಸುತ್ತಿದ್ದ ಕಾಕಾ ಅವರ ಬೆರಳಿಗೆ ಅಂಕಿಯ ಸೊನ್ನೆ ಸುಲಭವಾಗಿ ಸಿಗುತ್ತಿತ್ತು. ಪದಗಳ ನಡುವೆಯೂ ಅದನ್ನೇ ಒತ್ತಿಕೊಂಡು ಬಂದಿದ್ದರು. ಹೊಸ ಫೋನಿನ ಕೀಲಿಮಣೆಯಲ್ಲಿ ಮಾತ್ರ ಅವರು ಒತ್ತಿದ್ದು ನಿಜವಾದ ಅನುಸ್ವಾರ. ಅವರದೇ ಕೈ ಎರಡು ಯಂತ್ರಗಳಲ್ಲಿ ಬರೆದ ಅದೇ ಹೆಸರು ಒಂದನ್ನೊಂದು ಗುರುತಿಸದೆ ಹೋಗಿತ್ತು. ನಾವು ಪರೀಕ್ಷೆಗೆ ಆರಿಸಿದ್ದ ಮೂರು ಪುಸ್ತಕಗಳ ಹೆಸರಿನಲ್ಲಿ ಸೊನ್ನೆಯೇ ಇರಲಿಲ್ಲವೆಂಬುದು ಆಗ ಹೊಳೆಯಿತು. ಕುವೆಂಪು, ಬೇಂದ್ರೆ, ಕಾರಂತ ಎಂದು ಹೆಜ್ಜೆಗೊಂದು ಸೊನ್ನೆಯಿರುವ ಸಾಹಿತ್ಯದಲ್ಲಿ ಸೊನ್ನೆಯಿಲ್ಲದ ಮೂರು ಶೀರ್ಷಿಕೆಗಳನ್ನು ಆರಿಸಿ ನಾವು ನಿಶ್ಚಿಂತರಾಗಿದ್ದೆವು.

ಕಾರಣ ತಿಳಿದ ಹುಮ್ಮಸ್ಸಿನಲ್ಲಿ ಎರಡನೆಯ ತಪ್ಪನ್ನೂ ಮಾಡಿದೆವು. ಅಕ್ಷರದ ಪಕ್ಕ ಬಂದ ಅಂಕಿಯ ಸೊನ್ನೆಗಳನ್ನೆಲ್ಲ ಕಡತದಲ್ಲೇ ಅನುಸ್ವಾರವಾಗಿ ಬದಲಾಯಿಸಿಬಿಟ್ಟೆವು. ಬೆಳಗ್ಗೆ ನೋಡಿದರೆ ಕಪಾಟಿನ ಸಂಖ್ಯೆ ‘ಕ೦೧೨’ ಹೋಗಿ ‘ಕಂ೧೨’ ಆಗಿತ್ತು. ಪರದೆಯ ಮೇಲೆ ವ್ಯತ್ಯಾಸ ಕಾಣುವಂತಿರಲಿಲ್ಲ, ಆದರೆ ಕಾದಂಬರಿಗಳು ಸಂಖ್ಯೆಯ ಕ್ರಮ ತಪ್ಪಿ ಚೆಲ್ಲಾಪಿಲ್ಲಿಯಾಗಿದ್ದವು. ಹಳೆಯ ಕಡತದ ಪ್ರತಿಯೊಂದನ್ನು ಎತ್ತಿಟ್ಟಿದ್ದುದರಿಂದ ಮಾನ ಉಳಿಯಿತು. ಬಳಕೆದಾರರು ತಪ್ಪು ಮಾಡಿದರೆಂದುಕೊಂಡು ಅವರ ಬರಹವನ್ನು ತಿದ್ದಹೊರಟರೆ, ಅವರು ಸರಿಯಾಗಿ ಬರೆದದ್ದನ್ನೂ ನಾವು ಕೆಡಿಸುತ್ತೇವೆ.

ಆಮೇಲೆ ನಿಧಾನವಾಗಿ ಯೋಚಿಸಿದೆವು. ಕಾಕಾ ಬರೆದದ್ದು ಬರೆದ ಹಾಗೆಯೇ ಇರಲಿ. ಅದರ ಪಕ್ಕದಲ್ಲಿ ಹುಡುಕಾಟಕ್ಕೆಂದೇ ಇನ್ನೊಂದು ಪ್ರತಿ ಇಡೋಣ. ಆ ಪ್ರತಿಯಲ್ಲಿ ಮಾತ್ರ, ಹಿಂದೆ ಅಕ್ಷರವಿದ್ದು ಮುಂದೆ ಅಂಕಿಯಿಲ್ಲದ ಸೊನ್ನೆ ಅನುಸ್ವಾರವೆಂದು ಎಣಿಸಲಿ. ಓದುಗರು ಹುಡುಕಲು ಬರೆಯುವ ಪದವೂ ಅದೇ ಜರಡಿಯಲ್ಲಿ ಹಾದು ಬರಲಿ. ಹೀಗೆ ಯಾರು ಯಾವ ಸೊನ್ನೆ ಒತ್ತಿದರೂ ಇಬ್ಬರೂ ಒಂದೇ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಕೋಡಿನಲ್ಲಿ ಇದಕ್ಕೆ ಹಿಡಿದದ್ದು ಆರು ಸಾಲು.

ಮುಂದಿನ ಭಾನುವಾರ ಕಾಕಾ ಅವರನ್ನು ಕೂರಿಸಿ ಎಲ್ಲವನ್ನೂ ವಿವರಿಸಿದೆವು. ಅವರು ಕೇಳಿದ ಮೊದಲ ಪ್ರಶ್ನೆಯೇ ನಾವು ಹೆದರಿದ್ದ ಪ್ರಶ್ನೆ: “ಹಂಗಾರ ತಪ್ಪು ನಂದನ?”

“ಅಲ್ಲ ಕಾಕಾ, ನಮ್ಮದು,” ಎಂದೆವು. ಸಮಾಧಾನಕ್ಕೆ ಆಡಿದ ಮಾತಲ್ಲ ಅದು. ಕಾಕಾ ಸ್ವಲ್ಪ ಹೊತ್ತು ಎರಡು ಸೊನ್ನೆಗಳನ್ನೂ ಮಾರಿಮಾರಿ ನೋಡಿದರು. “ಸಾಲ್ಯಾಗ ಮಾಸ್ತರು ಎರಡಕ್ಕೂ ಸೊನ್ನೀ ಅಂತನ ಕಲಿಸಿದ್ದರಲ್ಲ,” ಎಂದರು. ಅವರ ಮಾತು ನಿಜ. ಅಂಕಿಗೂ ಸೊನ್ನೆ, ಅನುಸ್ವಾರಕ್ಕೂ ಸೊನ್ನೆ. ನಮ್ಮ ಭಾಷೆಯೇ ಎರಡನ್ನೂ ಒಂದು ಹೆಸರಿನಿಂದ ಕರೆಯುತ್ತಿರುವಾಗ ಅವನ್ನು ಬೇರೆ ಬೇರೆ ಎಂದು ತಿಳಿಯಬೇಕಾದ ಹೊಣೆ ಎಪ್ಪತ್ತೆಂಟು ವರ್ಷದ ಹಿರಿಯರದೆ, ಅದನ್ನೇ ಕಸುಬಾಗಿಸಿಕೊಂಡ ನಮ್ಮದೆ?

ಅವರು ಮತ್ತೆ ಹೆಸರು ಬರೆದರು. ಅರವತ್ತಮೂರು ಪುಸ್ತಕಗಳು ಸಾಲಾಗಿ ಬಂದವು. ಕಾಕಾ ಏನೂ ಹೇಳಲಿಲ್ಲ. ಒಂದು ಚೀಟಿಯ ಮೇಲೆ ಮೊದಲ ಸಂಖ್ಯೆಯನ್ನು ಗುರುತು ಹಾಕಿಕೊಂಡು ಎದ್ದು ಕಪಾಟಿನತ್ತ ಹೋದರು. ಆ ಪುಸ್ತಕವನ್ನು ತೆಗೆದು, ಒಳರಕ್ಷಾಪುಟದ ಮೇಲಿದ್ದ ಸಹಿಯನ್ನು ನೋಡಿ, ಮತ್ತೆ ಅದರ ಜಾಗದಲ್ಲೇ ಇಟ್ಟು ಬಂದರು. “ಮರತಿಲ್ಲ ಹಂಗಾರ,” ಎಂದರು.

ಅಂದೇ ನಾವು ಪುಟದಲ್ಲಿ ಇನ್ನೊಂದನ್ನೂ ಬದಲಿಸಿದೆವು. ‘ಯಾವ ಪುಸ್ತಕವೂ ಇಲ್ಲ’ ಎಂಬ ಸಾಲನ್ನು ಅಳಿಸಿ, ‘ನಮಗೆ ಸಿಗಲಿಲ್ಲ, ದಯವಿಟ್ಟು ಗ್ರಂಥಪಾಲಕರನ್ನು ಕೇಳಿ’ ಎಂದು ಬರೆದೆವು. ತನಗೆ ಸಿಗದೆ ಹೋದದ್ದನ್ನು ಇಲ್ಲವೇ ಇಲ್ಲವೆನ್ನುವ ಅಧಿಕಾರವನ್ನು ಯಂತ್ರಕ್ಕೆ ಕೊಟ್ಟವರು ನಾವೇ ಆಗಿದ್ದೆವು.

ಸೋಮವಾರ ಕಚೇರಿಗೆ ಹೋದೊಡನೆ, ಅಕ್ಟೋಬರಿನಲ್ಲಿ ಮುಚ್ಚಿದ್ದ ಆ ದೂರನ್ನು ಮತ್ತೆ ತೆರೆದೆವು. ಈ ಸಲ ಹೆಸರನ್ನು ಕನ್ನಡದಲ್ಲಿ, ಅವರು ಬರೆದ ಹಾಗೆಯೇ ಬರೆದು ನೋಡಿದೆವು. ಅದು ‘ರಾಜ್‌ಕುಮಾರ್’ ಎಂಬಂಥ ಹೆಸರು. ಜಕಾರದ ಕೆಳಗೆ ಕಕಾರ ಒತ್ತಾಗಿ ಇಳಿಯದಿರಲು ಅವೆರಡರ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರಬೇಕಾಗುತ್ತದೆ. ಅದರ ಸಂಖ್ಯೆ 8204. ಅಕ್ಷರಗಳನ್ನಷ್ಟೇ ಒಳಗೆ ಬಿಡಬೇಕೆಂದು ನಾವು ಬರೆದಿದ್ದ ನಿಯಮ ಆ ಅದೃಶ್ಯ ಗುರುತನ್ನು ಕಂಡು ಇಡೀ ಹೆಸರನ್ನೇ ಬಾಗಿಲಲ್ಲಿ ತಡೆದಿತ್ತು. ಒಬ್ಬ ಮನುಷ್ಯನಿಗೆ ಅವನ ಹೆಸರೇ ಅಮಾನ್ಯವೆಂದು ಮೂರು ವಾರಗಳ ಕಾಲ ಹೇಳುತ್ತ ಬಂದಿದ್ದೆವು.

ನಿಯಮವನ್ನು ತಿದ್ದಿ, ಕ್ಷಮೆ ಕೋರಿ ಒಂದು ಉತ್ತರ ಬರೆದು, ‘ಬಳಕೆದಾರರ ತಪ್ಪು’ ಎಂಬ ಷರಾವನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ನಮ್ಮ ಮೂವರ ಹೆಸರನ್ನೂ ಬರೆದೆವು. ಗ್ರಂಥಾಲಯದಲ್ಲಿ ಕಾಕಾ ಈಗಲೂ ಹೊಸ ಪುಸ್ತಕಗಳನ್ನು ನಮೂದಿಸುತ್ತಿದ್ದಾರೆ, ಅದೇ ಹಳೆಯ ಕಂಪ್ಯೂಟರಿನಲ್ಲಿ, ಅದೇ ಅಂಕಿಯ ಸೊನ್ನೆಯನ್ನು ಒತ್ತುತ್ತ. ನಾವು ಅವರಿಗೆ ಬೇರೆ ಸೊನ್ನೆಯನ್ನು ಕಲಿಸಲು ಹೋಗಿಲ್ಲ.