ಕೊಡಗಿನ ಐನ್‌ಮನೆಯಲ್ಲಿ ತಿಳಿಬಣ್ಣ

ಹುತ್ತರಿ ಹಬ್ಬಕ್ಕೆ ಇನ್ನು ಎಂಟು ದಿನಗಳಿರುವಾಗ ನಾವು ಕೊಡಗಿನ ಕಡೆಗೆ ಹೊರಟೆವು. ಕಕ್ಕಬ್ಬೆಯ ಸಮೀಪದ ಒಂದು ಐನ್‌ಮನೆಯವರು ನಮಗೆ ಬಹುಕಾಲದ ಸ್ನೇಹಿತರು. “ಹಬ್ಬಕ್ಕೆ ಮನೆಗೆ ತಿಳಿಬಣ್ಣ ಹಚ್ಚಿಸಬೇಕೆಂದಿದ್ದೇವೆ. ಮಾವನವರಿಗೆ ಒಪ್ಪಿಗೆಯಿಲ್ಲ. ನೀವು ಬಂದು ಎರಡು ಮಾತು ಹೇಳಬೇಕು” ಎಂದು ಆ ಮನೆಯ ಕಿರಿಯ ಸೊಸೆಯು ಬರೆದಿದ್ದಳು. ಪರರ ಮನೆಯ ವ್ಯಾಜ್ಯಕ್ಕೆ ಪಂಚರಾಗುವುದು ಸುಖದ ಕೆಲಸವಲ್ಲ; ಆದರೂ ಕೊಡಗಿನ ಕರೆಯನ್ನು ತಳ್ಳಿಹಾಕುವ ಮನಸ್ಸು ಬರಲಿಲ್ಲ.

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರು. ಕುಶಾಲನಗರದ ಬಳಿ ಕಾವೇರಿಯನ್ನು ದಾಟಿದ ತರುವಾಯ ದಾರಿಯು ಬಳುಕುತ್ತ ಏರತೊಡಗುವುದು. ಮಡಿಕೇರಿಯಿಂದ ನಾಪೋಕ್ಲಿನ ಮಾರ್ಗವಾಗಿ ಕಕ್ಕಬ್ಬೆಗೆ ಹೋಗುವಾಗ ಇಕ್ಕೆಲದಲ್ಲಿಯೂ ಕೆಂಪೇರುತ್ತಿದ್ದ ಕಾಫಿಯ ಹಣ್ಣು, ತಗ್ಗಿನ ಗದ್ದೆಗಳಲ್ಲಿ ಹೊಂಬಣ್ಣದ ಪೈರು, ಅವೆಲ್ಲಕ್ಕೂ ಹಿನ್ನೆಲೆಯಾಗಿ 1,748 ಮೀಟರು ಎತ್ತರದ ತಡಿಯಂಡಮೋಳು ಬೆಟ್ಟ. ಕೊಡಗಿನಲ್ಲಿ ಇದಕ್ಕಿಂತ ಎತ್ತರದ ಶಿಖರವಿಲ್ಲ. ಬೆಳಗಿನ ಮಂಜು ಇವೆಲ್ಲದರ ಮೇಲೆ ಹಾಲು ಬೆರೆಸಿದಂತೆ ಕವಿದು, ಎಲ್ಲ ಬಣ್ಣಗಳನ್ನೂ ಮೆದುವಾಗಿಸಿತ್ತು. ಸೊಸೆಯ ಬಯಕೆ ಎಲ್ಲಿ ಹುಟ್ಟಿತೆಂಬುದು ನಮಗೆ ಅಲ್ಲಿಯೇ ತಿಳಿಯಿತು.

ಐನ್‌ಮನೆಯೆಂದರೆ ಕೊಡವರ ಒಂದು ಒಕ್ಕದ, ಎಂದರೆ ಒಂದೇ ಮೂಲಪುರುಷನಿಂದ ಬೆಳೆದುಬಂದ ಕುಟುಂಬದ, ಮೂಲಮನೆ. ಮುಂಭಾಗದ ಜಗಲಿಗೆ ಕೈಯಾಲೆಯೆಂದು ಹೆಸರು. ಅದರ ಕಂಬಗಳ ನಡುವೆ ಗಿಡ್ಡಗೋಡೆಯ ಮೇಲೆ ಕೂರಿಸಿದ ಅಗಲವಾದ ಮರದ ಹಲಗೆಯೇ ಐಮರ. ಹಿರಿಯರು ಕುಳಿತು ಮಾತುಕಥೆ ನಡೆಸುವ ಪೀಠ. ಒಳಗೆ ನೆಲ್ಲಕ್ಕಿ ನಡುಬಾಡೆಯೆಂಬ ಹಜಾರದಲ್ಲಿ ಪೂರ್ವಿಕರನ್ನು ನೆನೆದು ಹಚ್ಚುವ ದೀಪ. ನೈರುತ್ಯದ ಮೂಲೆಯಲ್ಲಿ ಕನ್ನಿಕೊಂಬರೆಯೆಂಬ ಪವಿತ್ರವಾದ ಕೋಣೆ. ಮಳೆಗಾಲವನ್ನು ತಡೆಯುವುದಕ್ಕಾಗಿ ದಪ್ಪ ಮಣ್ಣಿನ ಗೋಡೆ, ಕಿರಿದಾದ ಕಿಟಕಿ, ತಗ್ಗಾಗಿ ಇಳಿದ ಸೂರು. ಆದುದರಿಂದ ಮನೆ ಭದ್ರವಾಗಿರುವಷ್ಟೇ ಕತ್ತಲೆಯೂ ಆಗಿತ್ತು.

ನಾವು ಅಂಗಳಕ್ಕೆ ಕಾಲಿಟ್ಟಾಗ ಸೊಸೆಯು ಜಗಲಿಯ ಮೂಲೆಯಲ್ಲಿ ಕುಳಿತು ಹಳೆಯ ತೊಟ್ಟಿಲೊಂದನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದಳು. ಆಕೆಗೆ ಆಗ ಐದು ತಿಂಗಳು. “ಮಾವನವರು ಮಲಗಿದ್ದ ತೊಟ್ಟಿಲು. ಹಳೆಯ ನೀಲಿಯನ್ನು ತೆಗೆದು ತಿಳಿಗುಲಾಬಿ ಹಚ್ಚುತ್ತೇನೆ” ಎಂದಳು. ನೆಲದ ಮೇಲೆ ನೀಲಿಯ ನುಣುಪಾದ ಧೂಳು ಬಿದ್ದಿತ್ತು. ನಾವು ಗಾಬರಿಯಿಂದ ಅವಳನ್ನು ಎಬ್ಬಿಸಿದೆವು.

ಕಾರಣವನ್ನು ವಾಚಕರೂ ತಿಳಿದಿರುವುದು ಒಳ್ಳೆಯದು. ಹಿಂದಿನ ಎಣ್ಣೆಬಣ್ಣಗಳಲ್ಲಿ ಬಿಳುಪಿಗಾಗಿ ಸೀಸದ ಭಸ್ಮವನ್ನು ಬೆರೆಸುವ ವಾಡಿಕೆಯಿತ್ತು; ಬಿಳುಪಿಲ್ಲದೆ ತಿಳಿಬಣ್ಣವಿಲ್ಲವಷ್ಟೆ. ಆ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಧೂಳು ಉಸಿರಿನೊಡನೆ ದೇಹವನ್ನು ಸೇರುವುದು. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. ಗರ್ಭದ ಶಿಶುವಿಗೂ ಅದರಿಂದ ಅಪಾಯವುಂಟು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವು ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವಿರುವ ಸಾಮಾನನ್ನು ಮನೆಯೊಳಗೆ ಕೆರೆಯದಿರುವುದೇ ಲೇಸು.

ಧೂಳನ್ನು ಒದ್ದೆಬಟ್ಟೆಯಿಂದ ಒರೆಸಿ ತೆಗೆಸಿದೆವು. ಸೊಸೆಯು ಕೈತೊಳೆದು, ಸೀರೆ ಬದಲಿಸಿ, ಮುಖ ಸಣ್ಣದು ಮಾಡಿಕೊಂಡು ಬಂದು ಕುಳಿತಳು. ಐಮರದ ಮೇಲಿದ್ದ ಹಿರಿಯರು ಆಗ ಹೇಳಿದರು: “ಮಗಳೆ, ತೊಟ್ಟಿಲಿಗೆ ಬಣ್ಣ ಬೇಡವೆಂದು ನಾನು ಹೇಳಲಿಲ್ಲ. ಈ ಹಲಗೆಗೆ ಹಚ್ಚಬೇಡವೆಂದೆ. ನಮ್ಮ ಅಜ್ಜಂದಿರು ಕುಳಿತು ಕುಳಿತು ಬಂದ ಹೊಳಪು ಇದು, ಡಬ್ಬಿಯಲ್ಲಿ ಸಿಕ್ಕುವುದಿಲ್ಲ.” ಸೊಸೆಯು, “ಮನೆಯೆಲ್ಲ ಕತ್ತಲೆ, ಮಾವ. ಮಳೆಗಾಲದಲ್ಲಿ ಹಗಲೇ ದೀಪ ಬೇಕು” ಎಂದಳು. ಇಬ್ಬರ ಮಾತೂ ನಿಜವೆಂದು ನಮಗೆ ತೋರಿತು.

ಮರುದಿನ ಹಿರಿಯರು ನಮ್ಮೆಲ್ಲರನ್ನೂ ನಾಲ್ಕುನಾಡು ಅರಮನೆಗೆ ಕರೆದೊಯ್ದರು. ದೊಡ್ಡವೀರರಾಜೇಂದ್ರನು 1792ರಿಂದ 1794ರವರೆಗೆ ಕಟ್ಟಿಸಿದ ಈ ಅರಮನೆಯು ತಡಿಯಂಡಮೋಳಿನ ತಪ್ಪಲಲ್ಲಿದೆ. ಎದುರಿನ ಚಿಕ್ಕ ಮಂಟಪದಲ್ಲಿ 1796ರಲ್ಲಿ ಅರಸನಿಗೂ ಮಹದೇವಮ್ಮಾಜಿಗೂ ವಿವಾಹವಾಯಿತು. ಒಳಗೆ ಕೆತ್ತನೆಯ ಮರದ ಕಂಬಗಳು, ಗೋಡೆಗಳಲ್ಲಿಯೂ ಮೇಲ್ಛಾವಣಿಯಲ್ಲಿಯೂ ಬಣ್ಣದ ಚಿತ್ರಗಳು. ಕಾಲವೂ ತೇವವೂ ಸೇರಿ ಆ ಚಿತ್ರಗಳು ಮಸಕಾಗಿ, ಕೆಲವೆಡೆ ಅಳಿದೇಹೋಗಿವೆ. ಸೊಸೆಯು ಬಹಳ ಹೊತ್ತು ತಲೆಯೆತ್ತಿ ನೋಡಿ, “ಅರಸರ ಮನೆಯಲ್ಲಿಯೂ ಬಣ್ಣವಿತ್ತಲ್ಲ ಮಾವ!” ಎಂದಳು. ಹಿರಿಯರು ನಕ್ಕು, “ಇತ್ತು. ಹೋದದ್ದು ಮಾತ್ರ ಮರಳಿ ಬರಲಿಲ್ಲ” ಎಂದರು. ಇಬ್ಬರೂ ಗೆದ್ದರು; ರಾಜಿಗೆ ಅದೇ ಬುನಾದಿಯಾಯಿತು.

ಐಮರಕ್ಕೂ ಹಳೆಯ ಬೀಟೆಯ ಬಾಗಿಲಿಗೂ ಎಣ್ಣೆಯನ್ನು ಮಾತ್ರ ತಿಕ್ಕುವುದು. ಕನ್ನಿಕೊಂಬರೆಗೆ ಬಿಳಿಯ ಸುಣ್ಣ. ಉಳಿದ ಗೋಡೆಗಳಿಗೆ ತಿಳಿಬಣ್ಣದ ಸುಣ್ಣ. ತೋಟದ ಸಿಲ್ವರ್ ಓಕಿನಿಂದ ಮಾಡಿಸಿದ ಮಂಚ, ಮೇಜು, ಕಪಾಟುಗಳಿಗೆ ಸೊಸೆಯ ಮನಸ್ಸಿಗೆ ಬಂದ ಬಣ್ಣ ಎಂದು ತೀರ್ಮಾನವಾಯಿತು. ತೊಟ್ಟಿಲನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುವಾಗ ಹಿರಿಯರು ತಾವೇ ಒಂದು ಬದಿಯನ್ನು ಹಿಡಿದುಕೊಂಡರು.

ಮಣ್ಣಿನ ಗೋಡೆಗೆ ಸುಣ್ಣವೇ ಏಕೆಂದರೆ, ಅದು ಗೋಡೆಯ ತೇವವನ್ನು ಹೊರಗೆ ಬಿಡುವುದು. ಎಣ್ಣೆಬಣ್ಣವಾದರೆ ತೇವವು ಒಳಗೇ ಸಿಕ್ಕಿ ಬೊಬ್ಬೆಯೆದ್ದು ಕಳಚುವುದು. ಹಬ್ಬದ ಕಾಲದಲ್ಲಿ ಮಳೆ ಹಿಂಜರಿದಿರುವುದರಿಂದ ಸುಣ್ಣವು ಗಾಳಿಯ ಇಂಗಾಲಾಮ್ಲವನ್ನು ಹೀರಿ ಮೆಲ್ಲಗೆ ಕಲ್ಲಿನಂತೆ ಗಟ್ಟಿಯಾಗುವುದು. ಅರಿಸಿನಕ್ಕೆ ಸುಣ್ಣ ತಾಕಿದರೆ ಕೆಂಪಾಗುವುದನ್ನು ಆರತಿಯ ತಟ್ಟೆಯಲ್ಲಿ ನಮ್ಮ ಗೃಹಿಣಿಯರೆಲ್ಲರೂ ಕಂಡಿದ್ದಾರೆ. ಹಾಗೆಯೇ ಗಿಡಮೂಲದ ಬಣ್ಣಗಳು ಬಹುಮಟ್ಟಿಗೆ ಸುಣ್ಣದ ಖಾರವನ್ನು ತಾಳಲಾರವು. ಮಣ್ಣಿನ ಬಣ್ಣಗಳು ತಾಳುತ್ತವೆ. ಚೆನ್ನಾಗಿ ನೆನೆಸಿ ಬಟ್ಟೆಯಲ್ಲಿ ಸೋಸಿದ ಸುಣ್ಣದ ತಿಳಿಗೆ ಕಾವಿಮಣ್ಣನ್ನು ಚಿಟಿಕೆಯಷ್ಟಾಗಿ ಬೆರೆಸಿದರೆ ನಸುಗೆಂಪು, ಹಳದಿಮಣ್ಣಿನಿಂದ ಬೆಣ್ಣೆಯ ಬಣ್ಣ. ಒದ್ದೆಯಾಗಿರುವಾಗ ಬಣ್ಣವು ಗಾಢವಾಗಿ ಕಂಡು ಒಣಗಿದ ಮೇಲೆ ಬಹಳ ತಿಳಿಯಾಗುವುದರಿಂದ, ಮೊದಲು ಒಂದು ಮೂಲೆಯಲ್ಲಿ ಬಳಿದು ಮರುದಿನ ನೋಡಬೇಕು. ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ ಎರಡು ಮೂರು ಸಲ ಬಳಿಯಬೇಕು. ಸುಣ್ಣವು ಕಣ್ಣಿಗೆ ಹಾರದಂತೆ ಎಚ್ಚರವಿರಲಿ.

ಹುತ್ತರಿಯ ರಾತ್ರಿ ಹೊಸ ಕದಿರು ಮನೆಗೆ ಬಂದಾಗ ನಡುಬಾಡೆಯಲ್ಲಿ ಒಂದೇ ದೀಪವಿತ್ತು. ಬೆಣ್ಣೆಯ ಬಣ್ಣದ ಗೋಡೆಗಳು ಆ ಬೆಳಕನ್ನು ಹಿಡಿದು ಮೂಲೆಮೂಲೆಗೂ ಹಂಚುತ್ತಿದ್ದವು. ಹಿರಿಯರು ಸುತ್ತಲೂ ನೋಡಿ, “ನಮ್ಮ ಅವ್ವ ಇದ್ದಿದ್ದರೆ ಸಂತೋಷಪಡುತ್ತಿದ್ದಳು” ಎಂದಷ್ಟೇ ನುಡಿದು ಹೊರಗೆ ಹೋಗಿ ತಮ್ಮ ಐಮರದ ಮೇಲೆ ಕುಳಿತರು. ಹಳೆಯ ಮನೆಗೆ ಬಣ್ಣ ಹಚ್ಚಿಸುವವರು ಯಾವುದಕ್ಕೆ ಹಚ್ಚಬೇಕೆಂಬುದರ ಜೊತೆಗೆ ಯಾವುದಕ್ಕೆ ಹಚ್ಚಬಾರದೆಂಬುದನ್ನೂ ಮನೆಯ ಹಿರಿಯರಲ್ಲಿ ಒಮ್ಮೆ ಕೇಳಿದರೆ, ಮನೆಯೂ ಬೆಳಗುವುದು, ಮನಸ್ಸೂ ಬೆಳಗುವುದು.