ಸಣ್ಣ ಉರಿ

ಹೊಳೆನರಸೀಪುರದ ನಮ್ಮ ಮನೆಗೆ ಗ್ಯಾಸ್ ಬಂದದ್ದು 1988ರಲ್ಲಿ. ಹೆಸರು ಬರೆಸಿ ವರ್ಷಗಟ್ಟಲೆ ಕಾದಿದ್ದೆವು. ಒಂದು ಸಿಲಿಂಡರು, ಎರಡು ಬರ್ನರಿನ ಒಂದು ಒಲೆ. ಅವ್ವ ಮೊದಲ ದಿನವೇ ದೊಡ್ಡ ಬರ್ನರಿಗೆ ‘ಒಲೆ’ ಅಂದಳು, ಚಿಕ್ಕದಕ್ಕೆ ‘ಕೋಡೊಲೆ’ ಅಂದಳು. ಕಡೆಯವರೆಗೂ ಹಾಗೇ ಕರೆದಳು.

ಮಣ್ಣಿನ ಒಲೆಯಲ್ಲಿ ಕೋಡೊಲೆಗೆ ಬೇರೆ ಉರಿ ಇರುತ್ತಿರಲಿಲ್ಲ. ಮುಂದಿನ ಒಲೆಯ ಉರಿ ಪಾತ್ರೆ ದಾಟಿ ಹಿಂದಕ್ಕೆ ಸರಿದಾಗ ಅಲ್ಲಿಟ್ಟ ಸಾರು ಕುದಿಯುತ್ತಿತ್ತು, ಹಾಲು ಕಾಯುತ್ತಿತ್ತು. ಮುಂದೆ ಮುದ್ದೆಗೆ ಸೌದೆ ತುಂಬಿದರೆ ಹಿಂದೆ ಹಾಲು ಉಕ್ಕುತ್ತಿತ್ತು. ಹಾಲಿಗೆಂದು ಕೊಳ್ಳಿ ಎಳೆದರೆ ಮುದ್ದೆ ಹಸಿ. ಎರಡನ್ನೂ ಒಂದೇ ಉರಿಯಲ್ಲಿ ತೂಗಿಸುವುದು ಅವಳ ಕೈಗೆ ಗೊತ್ತಿತ್ತು. ಹೊಸ ಒಲೆಯ ಕೋಡೊಲೆಗೆ ಅದರದೇ ತಿರುಗಣೆ. ಅದನ್ನು ತಿರುಗಿಸಿ ಉರಿ ಕಡ್ಡಿಯಷ್ಟು ಸಣ್ಣಗೆ ನಿಂತದ್ದನ್ನು ಅವ್ವ ಬಗ್ಗಿ ಬಹಳ ಹೊತ್ತು ನೋಡಿದಳು. “ಇಷ್ಟು ಸಣ್ಣಕೂ ನಿಲ್ಲುತ್ತಲ್ಲೇ” ಅಂದಳು.

ಸೌದೆ ಒಲೆಯ ಕಾಲ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಆಷಾಢ, ಶ್ರಾವಣದಲ್ಲಿ ಹಸಿ ಸೌದೆ ಹತ್ತುತ್ತಿರಲಿಲ್ಲ. ಊದುಗೊಳವೆ ಹಿಡಿದು ಊದಿ ಊದಿ ಅವ್ವನ ಕಣ್ಣು ವರ್ಷವೆಲ್ಲ ಕೆಂಪಗೆ ಇರುತ್ತಿದ್ದವು, ಕೆಮ್ಮು ಬಿಡುತ್ತಿರಲಿಲ್ಲ. ನಲವತ್ತಕ್ಕೇ ಅವಳಿಗೆ ಏಳುವಾಗ ಸೊಂಟ ಹಿಡಿದುಕೊಳ್ಳುವ ಅಭ್ಯಾಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಮೂರು ಪಾತ್ರೆ ಕೂರುವ, ಹೊಗೆ ಕೊಳವೆ ಇರುವ ಒಲೆ ರೂಪಿಸಿದ್ದರು. ಅದು ನಮ್ಮ ಬೀದಿಯ ಒಂದು ಮನೆಗೂ ಬಂತು. ಅಡುಗೆಮನೆಯ ಗೋಡೆ ಬೆಳ್ಳಗೆ ಉಳಿದದ್ದನ್ನು ನಾನು ಮೊದಲು ಕಂಡದ್ದು ಆ ಮನೆಯಲ್ಲಿ. ಆ ಒಲೆ ಮಾಡಿದವರ ಬಗ್ಗೆ ನನಗೆ ಇಂದಿಗೂ ಗೌರವ ಇದೆ. ಗ್ಯಾಸ್ ಸಿಗದಿದ್ದ ಕಾಲದಲ್ಲಿ ಹೆಂಗಸರ ಕಣ್ಣಿನ ಬಗ್ಗೆ ಯೋಚಿಸಿದವರು ಅವರು.

ಗ್ಯಾಸ್ ಬಂದ ಮೇಲೆ ಅಡುಗೆ ನೆಲದಿಂದ ಕಟ್ಟೆಗೆ ಏರಿತು. ಅವ್ವ ನಿಂತು ಬೇಯಿಸುವುದನ್ನು ಕಲಿತಳು. ಆದರೆ ಅವಳು ಬಿಡದ ನಿಯಮ ಒಂದಿತ್ತು: “ಮೊದ್ಲು ಕಡ್ಡಿ ಗೀರು, ಆಮ್ಯಾಲೆ ತಿರುಗ್ಸು.” ಲೈಟರ್ ಬಂದಾಗ ಇದು ತಲೆಕೆಳಗಾಯಿತು. ಎಲ್ಲರೂ ಗ್ಯಾಸ್ ಬಿಟ್ಟು ಆಮೇಲೆ ಟಕ್ ಟಕ್ ಒತ್ತತೊಡಗಿದರು. ನಾಲ್ಕು ಸಲ ಒತ್ತಿದರೂ ಕಿಡಿ ಹಾರದಿದ್ದರೆ ಅಷ್ಟರಲ್ಲಿ ಬರ್ನರಿನ ಸುತ್ತ ಗ್ಯಾಸ್ ನಿಂತಿರುತ್ತದೆ, ಐದನೆಯದಕ್ಕೆ ಭಗ್ಗೆನ್ನುತ್ತದೆ. ನನ್ನ ಮುಂಗೂದಲು ಒಮ್ಮೆ ಸುಟ್ಟದ್ದು ಹೀಗೆಯೇ. ಅವ್ವ ಆಮೇಲೂ ಬೆಂಕಿಪೊಟ್ಟಣ ಬಿಡಲಿಲ್ಲ.

ಸೌದೆ ಒಲೆಗೆ ಹೊಗೆ, ಚಟಪಟ ಸದ್ದು, ಬೂದಿ ಎಲ್ಲ ಇದ್ದವು. ಅದು ತನ್ನ ಸ್ಥಿತಿಯನ್ನು ತಾನೇ ಹೇಳುತ್ತಿತ್ತು. ಗ್ಯಾಸ್ ಒಲೆಯನ್ನು ನಾವು ನೋಡದಿದ್ದರೆ ಅದು ಏನೂ ಹೇಳುವುದಿಲ್ಲ. ಗ್ಯಾಸಿಗೆ ತನ್ನದೇ ವಾಸನೆ ಇಲ್ಲ, ನಮಗೆ ಬಡಿಯುವ ಕೆಟ್ಟ ವಾಸನೆಯನ್ನು ಸೋರಿಕೆ ಗೊತ್ತಾಗಲಿ ಅಂತ ಬೇಕೆಂದೇ ಸೇರಿಸಿರುತ್ತಾರೆ. ಅದು ಗಾಳಿಗಿಂತ ಭಾರ. ಮೇಲಕ್ಕೆ ಹೋಗದೆ ನೆಲ ಹಿಡಿದು ಹರಡುತ್ತದೆ.

ಅರಕಲಗೂಡಿನ ಚಿಕ್ಕಮ್ಮನ ಮನೆಯಲ್ಲಿ ಇದು ಅನುಭವಕ್ಕೆ ಬಂತು. ಅವರು ರಾತ್ರಿ ಒಲೆಯ ತಿರುಗಣೆ ಮಾತ್ರ ಆರಿಸುತ್ತಿದ್ದರು, ರೆಗ್ಯುಲೇಟರ್ ಮುಟ್ಟುತ್ತಿರಲಿಲ್ಲ. ಆಗಿನ ರಬ್ಬರ್ ಟ್ಯೂಬು ಕ್ಲಿಪ್ಪಿನ ಕೆಳಗೆ ಸೀಳಿತ್ತು. ಬೆಳಗಿನ ಜಾವ ಬಚ್ಚಲಿಗೆಂದು ಎದ್ದ ಚಿಕ್ಕಪ್ಪ ದೀಪದ ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಚಿಕ್ಕಮ್ಮನಿಗೆ ವಾಸನೆ ಬಂತು, ಕೂಗಿ ನಿಲ್ಲಿಸಿದರು. ಕತ್ತಲಲ್ಲೇ ರೆಗ್ಯುಲೇಟರ್ ತಿರುಗಿಸಿ, ಬಾಗಿಲು ಕಿಟಕಿ ತೆಗೆದು, ನೆಲಕ್ಕೆ ಗೋಣಿಚೀಲ ಬೀಸಿ ಗ್ಯಾಸನ್ನು ಹಿತ್ತಲಿಗೆ ನೂಕಿದರಂತೆ. ಅವತ್ತಿನಿಂದ ಆ ಮನೆಯಲ್ಲಿ ಮಲಗುವ ಮುಂಚೆ ರೆಗ್ಯುಲೇಟರ್ ನೋಡಿ ಬರುವುದು ಬಾಗಿಲಿಗೆ ಚಿಲಕ ಹಾಕಿದಷ್ಟೇ ಸಹಜವಾಯಿತು. ಈಗಿನ ಕಿತ್ತಳೆ ಬಣ್ಣದ, ಒಳಗೆ ತಂತಿ ಹೆಣೆದ ಟ್ಯೂಬು ಅದಕ್ಕಿಂತ ಎಷ್ಟೋ ಗಟ್ಟಿ. ಆದರೂ ಐದು ವರ್ಷಕ್ಕೆ ಬದಲಿಸಬೇಕು. ಅದರ ಮೇಲೆ ಅಚ್ಚಾದ ವರ್ಷವನ್ನು ಎಷ್ಟು ಮನೆಯವರು ಓದಿದ್ದಾರೆ?

ಚನ್ನರಾಯಪಟ್ಟಣದ ಅಕ್ಕನ ಮನೆಯದು ಬೇರೆ ಕಥೆ. ತೆಂಗಿನ ತೋಟದವರು, ಸೋಗೆ, ಮಟ್ಟೆ, ಕರಟಕ್ಕೆ ಬರವಿಲ್ಲ. ಗ್ಯಾಸ್ ಬಂದರೂ ಕಾಫಿಗೆ, ನೆಂಟರು ಬಂದಾಗಿನ ಅವಸರಕ್ಕೆ ಅಷ್ಟೇ. ತಿಂಗಳುಗಟ್ಟಲೆ ಹಚ್ಚದೆ ಇಟ್ಟ ಒಲೆ ಒಂದು ದಿನ ಹಳದಿ ಉರಿ ಕೊಟ್ಟಿತು. ಪಾತ್ರೆ ತಳವೆಲ್ಲ ಮಸಿ. “ಗ್ಯಾಸೇ ಸರಿ ಇಲ್ಲ” ಅಂತ ಅಕ್ಕ ಬೈದುಕೊಂಡಳು. ಸ್ಟವ್ ರಿಪೇರಿಯವನು ಬಂದು ಬರ್ನರ್ ಕೆಳಗಿನ ಕೊಳವೆ ಬಿಚ್ಚಿ, ಒಳಗಿಂದ ಒಂದು ಚಿಟಿಕೆ ಬಿಳಿ ಜೇಡರ ಬಲೆ ಎಳೆದು ಅಂಗೈ ಮೇಲಿಟ್ಟ. ಗ್ಯಾಸ್ ಸಣ್ಣ ತೂತಿನಿಂದ ಜೋರಾಗಿ ನುಗ್ಗುವಾಗ ಪಕ್ಕದ ಕಿಂಡಿಯಿಂದ ಗಾಳಿಯನ್ನೂ ಸೆಳೆದುಕೊಳ್ಳುತ್ತದೆ, ಎರಡೂ ಕೊಳವೆಯಲ್ಲಿ ಬೆರೆತು ಮೇಲೆ ಬಂದು ಉರಿಯುತ್ತವೆ. ದಾರಿ ಕಟ್ಟಿದರೆ ಗಾಳಿ ಸಾಲದು, ಉರಿ ಹಳದಿಯಾಗುತ್ತದೆ. ಆ ಅಂಗೈ ನೋಡಿದ ಮೇಲೆ ನನಗೆ ನೀಲಿ ಉರಿ ಅಂದರೇನು ಅಂತ ಅರ್ಥವಾಯಿತು.

ಈಗ ನಾವಿರುವುದು ಹಾಸನದಲ್ಲಿ. ಮಂಗಳೂರಿನಿಂದ ಸೋಲೂರಿಗೆ ಹೋಗುವ ಗ್ಯಾಸ್ ಕೊಳವೆ ಮಾರ್ಗವೇ ಹಾಸನ ಹಾದುಹೋಗುತ್ತದೆ. ಸಿಲಿಂಡರು ಫೋನಿನಲ್ಲಿ ಒತ್ತಿದರೆ ಬರುತ್ತದೆ. 2016ರ ಮೇ 1ರಂದು ಶುರುವಾದ ಉಜ್ವಲ ಯೋಜನೆಯಿಂದ ಕೂಲಿ ಮನೆಗಳಿಗೂ ಒಲೆ ಬಂತು. ಮರುಭರ್ತಿಯ ದುಡ್ಡಿಗೆ ಕೈ ಕಟ್ಟಿದಾಗ ಮಾತ್ರ ಸೌದೆ ಒಲೆ ಮತ್ತೆ ಹೊಗೆಯಾಡುತ್ತದೆ. ನನ್ನನ್ನು ಕಾಡುವ ಸಂಗತಿ ಇದು.

ಹೊಸ ಸಿಲಿಂಡರು ಬಂದಾಗ ನಾನು ಅವಸರ ಮಾಡುವುದಿಲ್ಲ. ದಾರ ಎಳೆದು ಮುಚ್ಚಳ ತೆಗೆದು, ಒಳಗೆ ಕಪ್ಪು ವಾಷರ್ ಇದೆಯೇ ಅಂತ ಬಗ್ಗಿ ನೋಡುತ್ತೇನೆ. ರೆಗ್ಯುಲೇಟರ್ ಕೂರಿಸಿ ಕೆಳಗಿನ ಬಳೆ ಒತ್ತಿದಾಗ ‘ಟಕ್’ ಅನ್ನಬೇಕು. ಆಮೇಲೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ಅಂತ ನೋಡಿ, ಬೆಂಕಿ ಹಚ್ಚುವುದು ಆನಂತರ.

ಮುದ್ದೆಗೆ ಮಾತ್ರ ನಮ್ಮ ಮನೆಯಲ್ಲಿ ಇನ್ನೂ ಹಳೆಯ ದಾರಿ. ಎಸರಿಗೆ ಹಿಟ್ಟು ಹಾಕಿ ಉರಿ ಸಣ್ಣ ಮಾಡುವವರೆಗೆ ಗ್ಯಾಸಿನ ಕೆಲಸ. ಕೋಲು ತಿರುಗಿಸಿದರೆ ಈ ಒಲೆ ಅಲ್ಲಾಡುತ್ತದೆ, ಮಣ್ಣಿನ ಒಲೆಯಂತೆ ಕಚ್ಚಿ ಹಿಡಿಯುವುದಿಲ್ಲ. ಹಾಗಾಗಿ ದೊಡ್ಡ ಬರ್ನರ್ ಆರಿಸಿ, ಪಾತ್ರೆಯನ್ನು ನೆಲಕ್ಕಿಳಿಸಿ, ಎರಡು ಪಾದದಿಂದ ಅದುಮಿ ಕೂತು ತಿರುಗಿಸುತ್ತೇನೆ. ಅಷ್ಟು ಹೊತ್ತಿಗೆ ಕೋಡೊಲೆಯ ಮೇಲೆ ಉಪ್ಸಾರು ಸಣ್ಣ ಉರಿಯಲ್ಲಿ ಕುದಿಯುತ್ತಿರುತ್ತದೆ.